ಹತ್ತೊಂಬತ್ತು ದಿನದ ಹವಾಮಾನ

ವಿಮಾನದ ಸದ್ದು ಕೇಳಿದಾಗ ಅಡಿಗೆಯವನು ಮೂರನೆಯ ಸಲ ಸಾಹೇಬರ ಕೋಣೆಯ ನೆಲ ಒರೆಸುತ್ತಿದ್ದ. ಹಲಗೆಗಳ ಸಂದಿಯಲ್ಲಿ ರಕ್ತದ ಗುರುತೇನೂ ಉಳಿದಿರಲಿಲ್ಲ. ಆದರೂ ಕೈ ಸುಮ್ಮನಿರಲೊಲ್ಲದು.

ಧ್ರುವದ ಅಂಚಿನ ಆ ಹವಾಮಾನ ಠಾಣೆಯಲ್ಲಿ ಇದ್ದದ್ದು ಎರಡು ಮರದ ಮನೆ, ಎರಡು ಜೀವ. ಒಂದರಲ್ಲಿ ಅಡಿಗೆಯವನು, ಅರವತ್ತು ಹೆಜ್ಜೆ ಆಚೆ ಸಾಹೇಬರು. ಉಳಿದದ್ದೆಲ್ಲ ಹಿಮ. ಈಗ ಹತ್ತೊಂಬತ್ತು ದಿನದಿಂದ ಒಂದೇ ಜೀವ.

ಕೊಂದದ್ದಕ್ಕೆ ಅವನಿಗೆ ಪಶ್ಚಾತ್ತಾಪವಿರಲಿಲ್ಲ. 'ತಾಯಿಗೆ ಸೀರಿಯಸ್, ಕೂಡಲೇ ಹೊರಡು' ಎಂದು ರೇಡಿಯೊದಲ್ಲಿ ಬಂದ ಸುದ್ದಿಯ ಚೀಟಿ ಸಾಹೇಬರ ದಿಂಬಿನ ಕೆಳಗೆ ಇಪ್ಪತ್ತಾರು ದಿನ ಬಿದ್ದಿತ್ತು. ಅಷ್ಟರಲ್ಲಿ ಒಂದು ವಿಮಾನ ಬಂದು ಹೋಯಿತು, ತಾಯಿಯೂ ಹೋದಳು. ಅವಳ ಬಳಿಯಿದ್ದ ಅವನ ಆರು ವರ್ಷದ ಮಗಳು ಪಕ್ಕದ ಮನೆಯವರ ಪಾಲಾದಳು.

"ಊಟ ತಂದಾಗ ಹೇಳೋಣ ಅಂತಿದ್ದೆ ಕಣಯ್ಯಾ, ಮರೆತೇ ಹೋಯ್ತು" ಎಂದಿದ್ದರು ಸಾಹೇಬರು. ಮಂಜು ಒಡೆಯುವ ಹಾರೆ ಬಾಗಿಲ ಪಕ್ಕದಲ್ಲೇ ಇತ್ತು.

ಹೆಣ ಮಂಜುಗಡ್ಡೆಯ ಬಿರುಕಿಗೆ ಬಿತ್ತು. ಬಿರುಕು ಹೆಪ್ಪುಗಟ್ಟಿ ಮುಚ್ಚಿಕೊಳ್ಳುವ ತನಕ, ಸಾಮಾನು ತರುವ ವಿಮಾನ ಬಂದು ತನ್ನನ್ನು ಮಗಳ ಹತ್ತಿರ ಒಯ್ಯುವ ತನಕ, ಹೊರಗಿನವರ ಲೆಕ್ಕದಲ್ಲಿ ಸಾಹೇಬರು ಬದುಕಿರಬೇಕಿತ್ತು. ದಿನಕ್ಕೆ ಆರು ಸಲ ಉಷ್ಣತೆ, ಗಾಳಿ, ಒತ್ತಡ ಅಳೆದು, ಅಂಕಿಗಳನ್ನು ರೇಡಿಯೊದಲ್ಲಿ ಟಕಟಕ ಕುಟ್ಟಿ ಕಳಿಸುವುದು ಅವರ ಕೆಲಸ. ಹನ್ನೊಂದು ವರ್ಷ ಒಂದು ಹೊತ್ತೂ ತಪ್ಪಿಸಿದವರಲ್ಲ. ಆ ಸದ್ದು ಗಾಳಿಯಿಲ್ಲದಾಗ ಅಡಿಗೆಮನೆಗೂ ಕೇಳುತ್ತಿತ್ತು. ಅದು ನಿಂತರೆ ಮರುದಿನವೇ ಪೊಲೀಸರು ಬಂದಿಳಿಯುತ್ತಾರೆ.

ಗೋಡೆಗೆ ಅಂಟಿಸಿದ್ದ ಸಂಕೇತಗಳ ಪಟ್ಟಿ ನೋಡಿ ಅವನು ಕುಟ್ಟಲು ಕಲಿತ. ಮಾಪಕಗಳ ಪೆಟ್ಟಿಗೆ ಹುಡುಕುವುದೇ ದೊಡ್ಡ ರಗಳೆಯಾಯಿತು. ಅದು ಆಳೆತ್ತರದ ಹಿಮದಲ್ಲಿ ಹೂತಿತ್ತು, ಚಿಲಕ ತುಕ್ಕು ಹಿಡಿದಿತ್ತು. ಹಿಂದಿನ ದಿನದ ಬಿರುಗಾಳಿಗೆ ಹಿಡಿಶಾಪ ಹಾಕುತ್ತ ಅಗೆದ. ಆಮೇಲೆ, ಚಳಿಗೆ ಬೆರಳ ತುದಿ ಕಪ್ಪಾದರೂ, ಪ್ರತಿ ಅಂಕಿಯನ್ನೂ ಎರಡೆರಡು ಸಲ ನೋಡಿಯೇ ಬರೆದ. ಉಪ್ಪನ್ನೂ ಅಳೆದು ಹಾಕುವ ಆಸಾಮಿ. ಕೊಲೆ ಮಾಡಿದ ಮಾತ್ರಕ್ಕೆ ಅರೆಬರೆ ಕೆಲಸ ಮಾಡುವಷ್ಟು ಕೆಟ್ಟುಹೋಗಿರಲಿಲ್ಲ.

ವಿಮಾನದಿಂದ ಮೂಟೆಗಳಿಗಿಂತ ಮೊದಲು ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಇಳಿದರು. ಅಡಿಗೆಯವನು ಒರೆಸುವ ಬಟ್ಟೆ ಬಿಸಾಕಿ ಎದುರು ಹೋದ.

"ನಿಮ್ಮ ಸಾಹೇಬರೆಲ್ಲಿ?"

"ಬೆಳಿಗ್ಗೆ ಅಂಕಿ ನೋಡೋಕೆ ಹೋದವರು ಇನ್ನೂ ಬಂದಿಲ್ಲ ಸಾರ್. ಇಲ್ಲಿ ಕರಡಿ ಕಾಟ ಬೇರೆ..." ಅವನ ದನಿ ನಡುಗಿತು. ಅದಕ್ಕೆ ನಟನೆ ಬೇಕಾಗಲಿಲ್ಲ.

ಇನ್ಸ್‌ಪೆಕ್ಟರ್ ಗಾಬರಿಯಾಗಲಿಲ್ಲ. ಒಲೆಯ ಪಕ್ಕ ಕೂತು ಚಹಾ ಕೇಳಿದರು.

"ಹೆಡ್ಡಾಫೀಸಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಠಾಣೆಯದೇ ಮಾತು. ಹತ್ತೊಂಬತ್ತು ದಿನದ ಅಂಕಿಗಳು ಉಪಗ್ರಹದ ಲೆಕ್ಕಕ್ಕೆ ಕೂದಲೆಳೆಯಷ್ಟೂ ಆಚೀಚೆ ಇಲ್ಲವಂತೆ."

ಅಡಿಗೆಯವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಹನ್ನೊಂದು ವರ್ಷ ಸಾಹೇಬರು ಮಾಡಿದ ಕೆಲಸವನ್ನು ತಾನು ಎಲ್ಲೂ ಕೆಡಿಸಿಲ್ಲ. ಊರಿಗೆ ಹೊರಡಲು ಬಟ್ಟೆಬರೆಯ ಗಂಟು ಕಟ್ಟಿ ಬಾಗಿಲಲ್ಲೇ ಇಟ್ಟಿದ್ದ. ಇನ್ನು ನಾಲ್ಕು ದಿನಕ್ಕೆ ಮಗಳು ತೊಡೆಯ ಮೇಲಿರುತ್ತಾಳೆ.

"ಅವರ ಬದಲು ನೀನೇನಾದ್ರೂ ಬರೆದು ಕಳಿಸಿದ್ದುಂಟಾ?"

"ಅಯ್ಯೋ, ಎಲ್ಲಾದ್ರೂ ಆಗುತ್ತಾ ಸಾರ್! ನನ್ನನ್ನ ಪೆಟ್ಟಿಗೆ ಹತ್ರ ಸುಳಿಯೋಕೂ ಬಿಡ್ತಿರಲಿಲ್ಲ. ಪ್ರತಿಯೊಂದೂ ಅವರೇ ಹೋಗಿ, ಕಣ್ಣಾರೆ ನೋಡಿ ಕಳಿಸಿದ್ದು."

ಇನ್ಸ್‌ಪೆಕ್ಟರ್ ಚಹಾ ಮುಗಿಸಿ, ಕೈಕೋಳ ತೆಗೆದು ಮೇಜಿನ ಮೇಲಿಟ್ಟರು.

"ಹನ್ನೊಂದು ವರ್ಷ ಆ ಮಹಾನುಭಾವ ಹಾಸಿಗೆಯಿಂದ ಏಳದೆ ಬಾಯಿಗೆ ಬಂದ ಅಂಕಿ ಕುಟ್ಟುತ್ತಿದ್ದ, ಅದು ಇಡೀ ಆಫೀಸಿಗೇ ಗೊತ್ತು, ಅಂಕಿ ಸರಿಯಾಗಿ ಬರೋಕೆ ಶುರುವಾದಾಗಲೇ ಅಂದುಕೊಂಡ್ವಿ, ಆತ ಬದುಕಿಲ್ಲ ಅಂತ."