ಮೇಷ್ಟ್ರ ಬೆರಳ ಗುರುತು

ಚಳಿಗಾಲದ ಬೆಳಗ್ಗೆ, ತೀರಿಹೋದ ಮೇಷ್ಟ್ರ ಕನ್ನಡಕ ಒಯ್ಯಲು ಕಾಲೇಜಿನ ಪ್ರಯೋಗಾಲಯಕ್ಕೆ ಬಂದಿದ್ದ ಅವರ ಹೆಂಡತಿ, ಅಲ್ಲಿನ ಸಹಾಯಕನು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆವಿಪಾತ್ರೆಗೆ ಹಾಕಲಿದ್ದ ಗಾಜಿನ ತಟ್ಟೆಯನ್ನು ತಡೆದು ಹಿಡಿದರು. ಅದರ ಮೇಲೆ ಗಂಡನ ಹೆಸರಿತ್ತು.

“ಕೊನೇ ಪಾಠದಲ್ಲಿ ಸರ್ ಇದರೊಳಗಿನ ಪೋಷಕ ಲೋಳೆಗೆ ಬೆರಳು ಒತ್ತಿದ್ರಮ್ಮಾ. ಕೈಮೇಲಿದ್ದ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ, ಈಗ ಕಣ್ಣಿಗೆ ಕಾಣೋ ಚುಕ್ಕೆಗಳಾಗಿವೆ.”

“ಜೀವ ಇದೆಯಾ? ಹಾಗಾದ್ರೆ ಮನೆಗೆ ಕೊಡಪ್ಪ.”

“ಆಗಲ್ಲಮ್ಮ. ಎಲ್ಲರ ಚರ್ಮದ ಮೇಲೂ ಇರೋವೇ, ಹೆಚ್ಚಿನವು ಪಾಪದವು, ಏನೂ ಮಾಡಲ್ಲ. ಆದ್ರೂ ಬೆಳೆಸಿದ್ದನ್ನ ಬೇಯಿಸಿಯೇ ಬಿಸಾಕ್ಬೇಕು.”

ಆಕೆ ತಟ್ಟೆಯ ಮುಚ್ಚಳದ ಮೇಲೆ, ಒಳಗಿನ ಬೆರಳ ಗುರುತುಗಳಿಗೆ ಸರಿಯಾಗಿ ತಮ್ಮ ಬೆರಳಿಟ್ಟರು. “ಕೈ ತೊಳ್ಕೊಳ್ಳಿ ಅಂತ ಜೀವಮಾನವೆಲ್ಲ ಬೈದೆ. ಪುಣ್ಯಾತ್ಮ, ಮಾತು ಕೇಳದೆ ಇದ್ದದ್ದೇ ಒಳ್ಳೇದಾಯ್ತು,” ಎಂದು ನಕ್ಕು, ತಟ್ಟೆಯನ್ನು ತಾವೇ ಆವಿಪಾತ್ರೆಯೊಳಗೆ ಇಟ್ಟರು.

ಮೇಷ್ಟ್ರು ಹೋದದ್ದು ಮಂಗಳವಾರ. ಅವರ ಬೆರಳ ತುದಿಯ ಬಳಗ ಹೋದದ್ದು ಶುಕ್ರವಾರ.