ಧೂಳಿನ ನೆಂಟಸ್ತಿಕೆ

"ನಾವೆಲ್ಲ ನಕ್ಷತ್ರದ ಧೂಳಿನಿಂದ ಆದವರಂತೆ, ಅಪ್ಪ," ಎಂದಳು ಮಗಳು.

ತಾರಸಿಯ ಗೋಡೆಗೆ ದಿಂಬು ಒರಗಿಸಿ ಅವನನ್ನು ಕೂರಿಸಿದ್ದಳು. ಅರ್ಧ ಆಯುಷ್ಯ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತವನು. ಆ ಕಲ್ಲಿನ ಪುಡಿಯೆಲ್ಲ ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ, ಇನ್ನು ಹೊರಗೆ ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಸಂಜೆ ಕಪ್ಪಿಡುವ ಹೊತ್ತಿಗೆ ಅಪ್ಪ ಮಗಳು ಇಲ್ಲಿ ಕೂತು ಆಕಾಶ ನೋಡುತ್ತಿದ್ದರು.

"ಯಾವ ಧೂಳು?"

"ಹಳೇ ನಕ್ಷತ್ರಗಳು ಸಿಡಿದು ಹೋದ್ವಲ್ಲ, ಅವುಗಳ ಧೂಳು. ಅದೇ ಒಟ್ಟುಗೂಡಿ ಭೂಮಿ ಆಯ್ತು. ಆಮೇಲೆ ಹುಳ, ಮೀನು, ಮರ, ನಾವು. ನಮ್ಮ ರಕ್ತದಲ್ಲಿರೋ ಕಬ್ಬಿಣ ಕೂಡ ಅಲ್ಲಿಂದಲೇ ಬಂದಿದ್ದು."

"ಕಲ್ಲು?"

"ಕಲ್ಲೂ ಅಲ್ಲಿಂದಲೇ."

"ಹಾಗಾದ್ರೆ ನೆಂಟರೇ ಆಯ್ತು ಬಿಡು. ಅದಕ್ಕೇ ನೋಡು, ಬಂದೋನು ಎದೇಲೇ ಬೀಡುಬಿಟ್ಟಿದ್ದಾನೆ. ಹೋಗಪ್ಪ ಅಂದ್ರೂ ಹೋಗ್ತಿಲ್ಲ." ತನ್ನ ಮಾತಿಗೆ ತಾನೇ ನಗಲು ಹೋಗಿ ಕೆಮ್ಮು ಹತ್ತಿತು. ಮಗಳು ಬೆನ್ನು ನೀವಿದಳು. ಬರೀ ಮೂಳೆ ಕೈಗೆ ಸಿಗುತ್ತಿತ್ತು.

ಓದಿದರೆ ಆಕಾಶದ ಓದೇ ಓದಬೇಕೆಂಬ ಹುಚ್ಚು ಅವಳಿಗೆ. ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಕೆಮ್ಮು ನಿಂತ ಮೇಲೆ ಅವನು ಕೇಳಿದ, "ಕಾಲೇಜು ಯಾವತ್ತಿಂದ?"

ಮಗಳು ಅವನ ಬೆನ್ನ ಹಿಂದಿನ ದಿಂಬು ಸರಿಮಾಡತೊಡಗಿದಳು. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಅವಳಮ್ಮ ತಂತಿಯ ಕಡೆಗೇ ಮುಖ ಮಾಡಿ ಹೇಳಿದಳು, "ಮೇಸ್ತ್ರಿ ಬಂದಿದ್ರು. ನಿಮ್ಮ ಜಾಗ ಖಾಲಿ ಇದೆಯಂತೆ. ನಾನೇ ಬರ್ತೀನಿ ಅಂದೆ. ವಯಸ್ಸಾಯ್ತು, ಬೇಡ, ಮಗಳನ್ನ ಕಳಿಸು ಅಂದ್ರು."

"ಯಂತ್ರದ ಮುಂದಕ್ಕಾ?"

"ಇನ್ನೆಲ್ಲಿಗೆ? ಹೊಟ್ಟೆ ಕೇಳಬೇಕಲ್ಲ. ನಾಳೆಯಿಂದಲೇ ಕಳಿಸ್ತೀನಿ ಅಂದುಬಿಟ್ಟೆ."

"ಒಂದೇ ವರ್ಷ, ಅಪ್ಪ. ಆಮೇಲೆ ಓದ್ತೀನಿ," ಎಂದಳು ಮಗಳು. ಒಂದು ಕಾಲದಲ್ಲಿ ಅವನೂ ಒಂದೇ ವರ್ಷ ಎಂದುಕೊಂಡೇ ಹೋಗಿದ್ದ. ಬೇಡ ಎನ್ನಲು ಬಾಯಿ ತೆರೆದ. ಬೇಡ ಎಂದವನು ಬೆಳಗ್ಗೆ ಎದ್ದು ತಾನೇ ಹೋಗಬೇಕಲ್ಲ. ಅಳುವುದಕ್ಕೂ ಉಸಿರು ಬೇಕಿತ್ತು.

ಅಮ್ಮ ತಂತಿಯಿಂದ ಹಳೆಯ ಚಾದರ ಎಳೆದುಕೊಂಡು, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉದ್ದಕ್ಕೆ ಹರಿದಳು. ಮಡಿಸಿ, ಮಗಳ ಮೂಗು ಬಾಯಿ ಮುಚ್ಚುವಂತೆ ಕಟ್ಟಿ ಅಳತೆ ನೋಡಿದಳು. ಮಗಳ ಮುಖದಲ್ಲಿ ಈಗ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಮೂರು ಪದರ ಮಾಡೇ," ಎಂದ ಅವನು. "ನಂದು ಎರಡೇ ಇತ್ತು."