ನಾಲ್ಕು ಅಡಿ ನೀರು

ಕಾಲುವೆಯ ಕಟ್ಟಕಡೆಯ ಹೊಲ ದ್ಯಾವಮ್ಮನದು. ಮೆಣಸಿನ ಗಿಡಗಳು ಆಗಲೇ ಬಾಡಿದ್ದವು. ಇವತ್ತು ಗೇಟು ಮುಚ್ಚಿಬಿಟ್ಟರೆ ಉಳಿದ ಆಸೆಯೂ ಹೋದಂತೆ ಎಂದುಕೊಂಡು ಅವಳು, ಅದನ್ನು ಮುಚ್ಚಿಸಲು ಬಂದಿದ್ದ ಇಂಜಿನಿಯರಿಗೆ ಅಡ್ಡ ನಿಂತಳು.

“ಇನ್ನೊಂದು ವಾರ ನೀರು ಬಿಡ್ರಿ ಸಾಹೇಬ್ರ. ನಮಗ ಒಂದು ಹನಿನೂ ಮುಟ್ಟಿಲ್ಲ.”

“ನಿನಗ ಎಷ್ಟು ಕೊಟ್ರೂ ಸಾಲಂಗಿಲ್ಲ ಬಿಡವ್ವ,” ಎಂದರು ಜೊತೆಗೆ ಬಂದಿದ್ದ ನೀರಿನ ಸಂಘದ ಅಧ್ಯಕ್ಷರು.

ಇಂಜಿನಿಯರ್ ಪುಸ್ತಕ ತೆರೆದರು. “ಇಲ್ಲಿ ದಿನಾ ನಾಲ್ಕು ಅಡಿ ನೀರು ಹರಿದಿದೆ ಅಂತ ಬರೆದಿದೆಯಲ್ಲಮ್ಮ.”

“ಹಂಗಾರ ನಾ ದಿನಾ ಈಜಿಕೋಂತ ಕಳೆ ತೆಗದೀನೇನ್ರಿ?”

ಇಂಜಿನಿಯರ್ ಕಾಲುವೆಗೆ ಇಣುಕಿದರು. ತಳದಲ್ಲಿ ಓತಿಕ್ಯಾತವೊಂದು ಬಿಸಿಲು ಕಾಯಿಸುತ್ತಿತ್ತು. ಅವರು ನೀರು ಕಾಯುವ ಹುಸೇನಪ್ಪನತ್ತ ತಿರುಗಿದರು.

“ಮನೆಯಲ್ಲೇ ಕೂತು ಬರೆದೆಯೇನೋ?”

ಹುಸೇನಪ್ಪನಿಗೆ ರೋಷ ಉಕ್ಕಿತು. “ನಮ್ಮವ್ವನಾಣಿ ಸಾಹೇಬ್ರ, ದಿನಾ ಮುಂಜಾನೆ ಅಳತೆಪಟ್ಟಿ ನೋಡೇ ಬರಕೊಂಡೀನ್ರಿ.”

“ಆ ಪಟ್ಟಿ ಇಲ್ಲೇ ಇರಬೇಕಿತ್ತಲ್ಲ, ಎಲ್ಲಿ?”

ಇಷ್ಟೂ ತಿಳಿಯದೇ ಎಂಬಂತೆ ಹುಸೇನಪ್ಪ ಅವರ ಮುಖ ನೋಡಿದ.

“ಇಲ್ಲಿ ನೀರ ಇರಂಗಿಲ್ಲಲ್ರಿ, ಅದಕ್ಕ ಅಧ್ಯಕ್ಷರ ಹೊಂಡದಾಗ ನೆಟ್ಟೀನ್ರಿ.”